ಹಳಿದಾರಿಯಲ್ಲಿ ಸುಮ್ಮನೆ ಹಾದುಹೋಗುವವರು

ಮಿನೆಸೋಟದ ನಮ್ಮ ಕಡೆ ಯಾರ ಮನೆಗಾದರೂ ಕಾರಿನಲ್ಲಿ ಹೋದರೆ ಹೋದ ಹಾಗೆ. ಹಳೇ ರೈಲು ಹಳಿ ಕಿತ್ತು ಕಾಲುದಾರಿ ಮಾಡಿದ ಹಳಿದಾರಿಯಲ್ಲಿ ನಡೆದು ಹೋದರೆ ಮಾತ್ರ ಹಾದುಹೋದ ಹಾಗೆ. ಈ ವ್ಯತ್ಯಾಸ ತಿಳಿಯದವರಿಗೆ, ನಾನೂ ಡೆಲ್ಫೀನಳೂ ಅಕ್ಟೋಬರಿನ ಒಂದು ಶನಿವಾರ ಹನ್ನೆರಡು ಮೈಲಿ ನಡೆದದ್ದು ಹುಚ್ಚಾಗಿ ಕಾಣಬಹುದು. ಕಾಣಲಿ.

ಶುರುವಾದದ್ದು ಹಿಂದಿನ ದಿನ, ನನ್ನ ಅಂಗಡಿಯಲ್ಲಿ. ಸೇಂಟ್ ಒಡಿಲಾದಲ್ಲಿ ನಮ್ಮದು ಮಾಂಸದಂಗಡಿ. ಗಂಡ ಮಾಂಸ ಕಡಿಯುತ್ತಾನೆ, ನಾನು ಸಾಸೇಜ್ ತುಂಬಿ ಹೊಗೆ ಹಾಕುತ್ತೇನೆ. ಕ್ಯೂನೆಲ್ ಊರಿನ ಲಿನಸ್ ಪ್ಲಾಂಟೆನ್ ಬಂದು ಟೋಪಿ ತೆಗೆದು ನಿಂತ. ಅರವತ್ತು ದಾಟಿದ ಆಸಾಮಿ. ಬೆಣ್ಣೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿ ಸತ್ತು ಆರು ವರ್ಷವಾಗಿತ್ತು.

"ಎರಡು ಉಂಗುರ ಸಾಸೇಜ್ ಸಾಕು ಅನ್ಸುತ್ತೆ ಲಿಯೋಬಾ. ಅಲ್ಲ, ಮೂರು ಕೊಟ್ಬಿಡು. ದಾರಿ ದೂರ."

"ಎಲ್ಲಿಗಪ್ಪಾ ದಾರಿ?"

"ಅರಿಜೋನಾಗೆ. ಮಗಳ ಹತ್ರ. ಭಾನುವಾರ ಬೆಳಿಗ್ಗೆ ಹೊರಡ್ತೀನಿ."

"ಎಷ್ಟು ದಿನಕ್ಕೆ?"

"ನೋಡ್ಬೇಕು. ಅಲ್ಲಿ ಹಿಮ ಬೀಳಲ್ವಂತೆ. ಮನೆ ಮಾರೋಕೆ ಹೇಳಿದೀನಿ."

ಮನೆ ಮಾರುವವನು 'ನೋಡ್ಬೇಕು' ಅಂದರೆ ಏನರ್ಥ? ಚಾಕು ಕೆಳಗಿಟ್ಟೆ.

"ಡೆಲ್ಫೀನ್ ವಿಷಯ ಏನಾಯ್ತು?"

ಅವನು ಗಾಜಿನೊಳಗಿನ ಹಂದಿಮಾಂಸವನ್ನೇ ದಿಟ್ಟಿಸಿದ. "ಕೇಳ್ದೆ. ಬೇಡ ಅಂದ್ಲು."

"ಎಷ್ಟು ಸಲ ಕೇಳ್ದೆ?"

"ಎಷ್ಟು ಸಲ ಕೇಳ್ಬೇಕೋ ಅಷ್ಟು ಸಲ," ಎಂದು ಸಾಸೇಜ್ ಎತ್ತಿಕೊಂಡು ಹೊರಟೇಬಿಟ್ಟ.

ಅಂಗಡಿಯನ್ನು ಗಂಡನಿಗೆ ಬಿಟ್ಟು, ಏಪ್ರನ್ ಕೂಡ ಬಿಚ್ಚದೆ ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಹೋದೆ. ಶುಕ್ರವಾರ ಡೆಲ್ಫೀನ್ ಅಲ್ಲೇ ಇರುತ್ತಾಳೆ. ವಿಧವೆ, ನನ್ನ ಚಿಕ್ಕಂದಿನ ನೆರೆಯವಳು, ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ದೊಡ್ಡ ಕಾಫಿ ಹಂಡೆಯೊಳಗೆ ಭುಜದವರೆಗೆ ಕೈ ಇಳಿಸಿ ಉಜ್ಜುತ್ತಿದ್ದಳು. ಲಿನಸ್ ಹೋಗುತ್ತಿದ್ದಾನೆ, ಮನೆ ಮಾರುತ್ತಿದ್ದಾನೆ ಅಂದೆ. ಕೈ ನಿಂತಿತು.

"ಭಾನುವಾರಾನಾ?"

"ಭಾನುವಾರ. ನಿನಗೆ ಅವನು ಬೇಕೋ ಬೇಡವೋ? ನೇರವಾಗಿ ಹೇಳು."

"ಬೇಡ ಅಂತ ಯಾರಂದ್ರು?"

"ನೀನಂದೆಯಂತೆ."

"ಹಾಗಲ್ಲ ಕಣೇ. ಅವನು ಕೇಳಿದ್ದು ಎರಡೇ ಸಲ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಚರ್ಚಲ್ಲಿ ಮೀನು ಹುರಿಯೋ ಶುಕ್ರವಾರ ಒಂದ್ಸಲ, ಆಗಸ್ಟಲ್ಲಿ ಚರ್ಚಿನ ಊಟದ ದಿನ ಇನ್ನೊಂದ್ಸಲ. ಅಯ್ಯೋ, ನಿನಗ್ಯಾಕೆ ತೊಂದರೆ ಅಂದೆ."

"ಮದುವೆಗೆ?"

"ಮತ್ತೆ? ಮೊದಲ್ನೇ ಸಲಕ್ಕೇ ಹೂಂ ಅಂದ್ರೆ ಜನ ಏನಂತಾರೆ? ಹಸಿದು ಕೂತಿದ್ಲು ಅಂತಾರೆ. ಮೂರನೇದಕ್ಕೆ ಹೂಂ ಅನ್ನೋಣ ಅಂತ ಕಾಯ್ತಾ ಇದ್ದೆ. ಅವನು ಕೇಳ್ಲೇ ಇಲ್ಲ."

ನಮ್ಮೂರಿನ ಈ ಮರ್ಯಾದೆ ಕಂಡರೆ ನನಗೆ ಮೈ ಉರಿಯುತ್ತದೆ. ಕಾಫಿ ಬೇಕಾ ಅಂದರೆ ಬೇಡ ಅನ್ನಬೇಕು. ಸ್ವಲ್ಪ ಅಂದರೆ ಅಯ್ಯೋ ಬೇಡ ಅನ್ನಬೇಕು. ಮಾಡಿಟ್ಟಿದ್ದೇ ಇದೆ ಅಂತ ಮೂರನೆಯ ಸಲ ಅಂದಾಗ, ಹಾಗಾದರೆ ಅರ್ಧ ಲೋಟ ಅಂತ ಒಪ್ಪಿ ಮೂರು ಲೋಟ ಕುಡಿಯಬೇಕು. ನನ್ನ ಅಜ್ಜಿ ಬೆಂಕಿ ಬಿದ್ದ ಮನೆಯಿಂದ ಹೊರಬರಲೂ ಮೂರು ಸಲ ಕರೆಸಿಕೊಂಡಳೆಂದು ತಮಾಷೆ ಮಾಡುತ್ತಾರೆ. ನಾನು ಮೊದಲನೆಯದಕ್ಕೇ ಹೂಂ ಅನ್ನುತ್ತೇನೆ. ಅದಕ್ಕೇ ಲಿಯೋಬಾ ತೆರ್ಹಾರ್ ನಾಚಿಕೆಗೆಟ್ಟವಳು ಅಂತ ಹೆಸರಾಗಿದೆ. ಹೊಟ್ಟೆ ಮಾತ್ರ ತುಂಬಿದೆ.

"ಫೋನ್ ಮಾಡು ಅವನಿಗೆ."

"ಮಾಡಿ ಏನನ್ಲಿ? ಇನ್ನೊಂದ್ಸಲ ಕೇಳು ಅಂತ ನಾನೇ ಕೇಳ್ಲಾ?"

"ಸರಿ, ಕಾರು ತೆಗಿ. ಹೋಗೋಣ."

"ಅವನ ಮನೆ ಮುಂದೆ ನನ್ನ ಕಾರು ನಿಂತಿದ್ದು ಕಂಡ್ರೆ ಸಂಜೆಯೊಳಗೆ ಮೂರು ಊರಿಗೆ ಗೊತ್ತಾಗುತ್ತೆ. ಅವನು ಆಗಲೂ ಕೇಳ್ದಿದ್ರೆ? ಕರೆಯದೆ ಹೋಗಿ ವಾಪಸ್ ಬಂದ್ಲು ಅಂತ ಸಾಯೋತನಕ ಅನ್ನಿಸ್ಕೊಳ್ಳಲಾ?"

ಅವಳ ಮಾತಿನಲ್ಲಿ ನ್ಯಾಯವಿತ್ತು. ನಮ್ಮಲ್ಲಿ ಕಾರಿನ ಗುರುತು ಮುಖದ ಗುರುತಿಗಿಂತ ಗಟ್ಟಿ. ಆಗ ನನಗೆ ಹಳಿದಾರಿ ಹೊಳೆಯಿತು. ಲಿನಸ್‌ನ ಮನೆ ಇರುವುದು ಪೈನ್ ಕೆರೆಯ ದಂಡೆಯಲ್ಲಿ, ಹಿತ್ತಲಿಗೇ ಹಳಿದಾರಿ.

"ನಾಳೆ ನಡೆಯೋಕೆ ಹೋಗೋಣ," ಅಂದೆ. "ನಡೀತಾ ನಡೀತಾ ಕ್ಯೂನೆಲ್ ಬಂದ್ರೆ ಅದು ನಮ್ಮ ತಪ್ಪಾ?"

ಅವಳು ಹಂಡೆಯನ್ನು ಮತ್ತೊಮ್ಮೆ ಉಜ್ಜಿದಳು. "ಅಯ್ಯೋ, ನಿನಗ್ಯಾಕೆ ತೊಂದರೆ."

"ಡೆಲ್ಫೀನ್, ಎರಡನೇ ಸಲ ಕೇಳಲ್ಲ. ಎಂಟು ಗಂಟೆಗೆ ಹಳೇ ನಿಲ್ದಾಣದ ಹತ್ರ ಇರು."

ಇದ್ದಳು. ಎಂಟಕ್ಕೆ ಮುಂಚೆಯೇ ಇದ್ದಳು. ಕೂದಲನ್ನು ರಾತ್ರಿಯೆಲ್ಲ ಸುರುಳಿ ಸುತ್ತಿಟ್ಟಿದ್ದು ಗೊತ್ತಾಗುತ್ತಿತ್ತು, ನೀಲಿ ಸ್ವೆಟರ್ ಹೊಸದು.

"ಸುಮ್ನೆ ಹಾದುಹೋಗೋಳಿಗೆ ಇಷ್ಟೊಂದು ಸಿಂಗಾರ?"

"ಗಾಳಿ ಇದೆಯಲ್ಲ. ಬೆಚ್ಚಗಿರ್ಲಿ ಅಂತ."

"ಕೂದಲೂ ಬೆಚ್ಚಗಿದೆ."

"ಬಾಯಿ ಮುಚ್ಚು ಲಿಯೋಬಾ."

ರೈಲಿನ ದಾರಿಗೆ ಏರೂ ಇಲ್ಲ, ಇಳಿಜಾರೂ ಇಲ್ಲ. ಉಗಿಬಂಡಿ ಹಾಲಿನ ಕ್ಯಾನುಗಳನ್ನು ಹೊತ್ತು ಏದುಸಿರು ಬಿಡದಿರಲೆಂದು ನಮ್ಮ ಮುತ್ತಜ್ಜಂದಿರು ಗುಡ್ಡ ಕಡಿದು, ಜೌಗು ತುಂಬಿಸಿ ಮಟ್ಟ ಮಾಡಿದ ನೆಲ. ಹಳಿ ಕಿತ್ತು ಟಾರು ಹಾಕುವಾಗ ನನ್ನ ಅಪ್ಪ ಕೋರ್ಟಿಗೆ ಹೋಗುತ್ತೇನೆಂದು ಕುಣಿದಾಡಿದ್ದ. ಪೇಟೆಯ ಕಳ್ಳರು ಸೈಕಲ್ ಮೇಲೆ ಬಂದು ದನ ಹೊಡೆದುಕೊಂಡು ಹೋಗುತ್ತಾರಂತೆ. ಬಂದದ್ದು ಬಿಗಿ ಚಡ್ಡಿಯ ದಂತವೈದ್ಯರು. ಅವರಿಗೆ ಸಾಸೇಜ್ ಮಾರಿಯೇ ನಾನು ಅಂಗಡಿಗೆ ಹೊಸ ಛಾವಣಿ ಹಾಕಿಸಿದೆ.

ಉದ್ದ ಕೆರೆಯ ಪಕ್ಕಕ್ಕೆ ಬಂದಾಗ ಮಂಜು ನೀರಿನಿಂದ ಏಳುತ್ತಿತ್ತು. ನೀರುಕೋಳಿಗಳು ದಕ್ಷಿಣಕ್ಕೆ ಹೊರಡುವ ಮೊದಲು ಕೆರೆಯ ನಡುವೆ ಕಪ್ಪಗೆ ಗುಂಪುಗೂಡಿದ್ದವು. ಬರ್ಚ್ ಮರಗಳು ಹಳದಿ ಎಲೆಯನ್ನೆಲ್ಲ ದಾರಿಗೇ ಸುರಿದಿದ್ದವು. ಆಚೆ ಹೊಲದಲ್ಲಿ ಜೋಳ ಕೊಯ್ಯುವ ಯಂತ್ರ ಧೂಳೆಬ್ಬಿಸುತ್ತಿತ್ತು. ಓಡಿಸುತ್ತಿದ್ದವನು ನಮ್ಮನ್ನು ಕಂಡು ನಮಸ್ಕಾರಕ್ಕೆಂದು ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದ. ನಾವೂ ಒಂದೊಂದು ಬೆರಳೆತ್ತಿದೆವು. ಹಿಂದಿನಿಂದ ಸೈಕಲ್ಲಿನವನೊಬ್ಬ ಗಂಟೆ ಬಾರಿಸದೆ ಮೊಣಕೈ ತಾಗಿಸಿಕೊಂಡೇ ಹೋದ. ಅವನಿಗೂ ಅವನ ತಾಯಿಗೂ ಕೇಳಿಸುವ ಹಾಗೆ ಬೈದೆ.

"ಪಾಪ, ಅವಸರ ಇತ್ತೇನೋ," ಅಂದಳು ಡೆಲ್ಫೀನ್.

"ನಿನಗೂ ಸ್ವಲ್ಪ ಅವಸರ ಇದ್ದಿದ್ರೆ ನಾನು ಇವತ್ತು ಅಂಗಡೀಲಿರ್ತಿದ್ದೆ."

ಬ್ರೆನ್ನರ್ ಊರು ನಡು ದಾರಿ. ಒಂದು ಧಾನ್ಯದ ಗೋಪುರ, ಒಂದು ಚರ್ಚು, ಎರಡು ಮದ್ಯದಂಗಡಿ. ಹಳಿದಾರಿಗೆ ಬೆನ್ನು ಹಾಕಿರುವ ಮನೆಯ ಹಿತ್ತಲಲ್ಲಿ ಮುದುಕಿ ಕ್ಲೋಥಿಲ್ಡ್ ಎಲೆ ಗುಡಿಸುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಆ ದಾರಿಯಲ್ಲಿ ಅಳಿಲೂ ಹೋಗಲಾರದು.

"ದೂರ ಹೊರಟ ಹಾಗಿದೆ?"

"ಸುಮ್ನೆ ನಡೀತಾ ಇದೀವಿ," ಅಂದಳು ಡೆಲ್ಫೀನ್.

"ಈಗ ತಾನೆ ಕುಂಬಳಕಾಯಿ ಕೇಕು ಮಾಡಿದೀನಿ. ಬನ್ನಿ."

"ಕೊಡಿ," ಅಂದೆ ನಾನು.

ಡೆಲ್ಫೀನ್ ನನ್ನ ಕಾಲು ತುಳಿದಳು. "ಬೇಡ ಬೇಡ, ನಿಮಗೆ ತೊಂದರೆ."

"ತೊಂದರೆ ಏನು, ಸಣ್ಣ ತುಂಡು."

"ಅಯ್ಯೋ, ಬೆಳಿಗ್ಗೆ ತಿಂದೇ ಬಂದ್ವಿ."

"ನಾನೊಬ್ಬಳೇ ಎಷ್ಟು ತಿನ್ಲಿ, ಹಾಳಾಗುತ್ತೆ."

"ಹಾಗಾದ್ರೆ ಸಣ್ಣದೊಂದು," ಅಂದಳು ಡೆಲ್ಫೀನ್. ಅಷ್ಟರಲ್ಲಿ ನಾನು ಮೆಟ್ಟಿಲ ಮೇಲಿದ್ದ ತಟ್ಟೆಯಿಂದ ಎರಡು ತುಂಡು ಮುಗಿಸಿದ್ದೆ.

ಕ್ಲೋಥಿಲ್ಡ್ ನನ್ನನ್ನು ಕಂಡೂ ಕಾಣದ ಹಾಗೆ ಡೆಲ್ಫೀನಳ ಕಡೆ ತಿರುಗಿದಳು. ಊರಿನ ಸುದ್ದಿಯೆಲ್ಲ ಸುರುಳಿ ಬಿಚ್ಚಿದ ಮೇಲೆ, "ಲಿನಸ್ ಪ್ಲಾಂಟೆನ್ ಮನೆ ನೋಡೋಕೆ ನಿನ್ನೆ ದೊಡ್ಡ ಕಾರಿನೋರು ಬಂದಿದ್ರಂತೆ," ಅಂದಳು. "ಗಂಡ ಹೆಂಡ್ತಿ. ಕೆರೆ ಕಡೆ ಕೈ ತೋರ್ಸಿ ನಗ್ತಿದ್ರಂತೆ. ಹಿಡಿಸ್ತು ಅಂತ ಕಾಣುತ್ತೆ."

ಡೆಲ್ಫೀನಳ ಕೇಕು ಅರ್ಧದಲ್ಲೇ ನಿಂತಿತು. ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ವಿದಾಯದ ಮಾತು ಒಂದೇ ಸಲ ಹೇಳಿ ಹೊರಟಳು. ಗೇಟಿನ ಹತ್ತಿರ ಮತ್ತೊಮ್ಮೆ, ದಾರಿಯಿಂದ ಇನ್ನೊಮ್ಮೆ ಹೇಳುವುದು ನಮ್ಮ ಪದ್ಧತಿ. ಅವಳು ಹಾಗೆ ಹೊರಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಂದಿನ ಮೈಲಿಗಳನ್ನು ದಾಪುಗಾಲು ಹಾಕಿ ನಡೆದಳು. ನಾನು ಅಂಗಡಿಯಲ್ಲಿ ನಿಂತೇ ಬೆಳೆದವಳು, ನನ್ನ ಕಾಲು ಸುಲಭಕ್ಕೆ ಸೋಲುವುದಿಲ್ಲ. ಆದರೂ ಅವಳ ಹಿಂದೆ ಓಡಬೇಕಾಯಿತು.

ಪೈನ್ ಕೆರೆ ಕಾಣಿಸಿದ ಕೂಡಲೇ ಗಕ್ಕನೆ ನಿಂತು ಬೆಂಚಿನ ಮೇಲೆ ಕೂತುಬಿಟ್ಟಳು.

"ವಾಪಸ್ ಹೋಗೋಣ ಲಿಯೋಬಾ."

"ಯಾಕೆ?"

"ಮನೆ ಮಾರಾಟ ಆಗಿದ್ರೆ? ನಾನು ಹೋಗಿ ನಿಂತ್ರೆ ಅವನಿಗೆ ಸಂಕಟ. ನನ್ನ ಮುಖ ನೋಡಿ ಏನೋ ಒಂದು ಹೇಳ್ಬೇಕಾಗುತ್ತೆ. ಯಾಕೆ ಅವನಿಗೆ—"

"ತೊಂದರೆ ಅಂತ ಇನ್ನೊಂದ್ಸಲ ಅಂದ್ರೆ ನಿನ್ನ ಕೆರೆಗೆ ತಳ್ತೀನಿ. ನಿನ್ನ ವಯಸ್ಸೆಷ್ಟು? ಇನ್ನೂ ಎಷ್ಟು ಚಳಿಗಾಲ ಒಬ್ಬಳೇ ಕಾರಿನ ಮೇಲಿನ ಹಿಮ ಕೆರೀತೀಯ? ಅವನ ಜೊತೆ ಇಸ್ಪೀಟ್ ಆಡೋವಾಗ ನೀನು ಹೇಗೆ ನಗ್ತೀಯ ಅಂತ ನಿನಗೆ ಗೊತ್ತಿಲ್ಲ, ನಾನು ನೋಡಿದೀನಿ. ಗೆದ್ರೂ ನಗ್ತೀಯ, ಸೋತ್ರೂ ನಗ್ತೀಯ."

ನಾನು ಕೆರೆಯ ಕಡೆ ನೋಡಿದೆ. ದಂಡೆಯುದ್ದಕ್ಕೂ ಎಲ್ಲರ ಮನೆಯ ದೋಣಿಕಟ್ಟೆಗಳೂ ಮೇಲೆ ಬಂದಿದ್ದವು. ಹಲಗೆಗಳನ್ನು ಕಬ್ಬಿಣದ ಕಾಲಿನ ಮೇಲೆ ಜೋಡಿಸಿ ನೀರಿನೊಳಕ್ಕೆ ಚಾಚುವ ಕಟ್ಟೆ ಅದು. ಕೆರೆ ಹೆಪ್ಪುಗಟ್ಟುವ ಮೊದಲು ಎಳೆದು ದಂಡೆಗೆ ಹಾಕದಿದ್ದರೆ ಮಂಜುಗಡ್ಡೆ ಅದನ್ನು ಕಡ್ಡಿಯ ಹಾಗೆ ಮುರಿಯುತ್ತದೆ. ಒಂದೇ ಒಂದು ಕಟ್ಟೆ ಇನ್ನೂ ನೀರಿನಲ್ಲಿತ್ತು.

"ಅದು ಯಾರದು?"

ಡೆಲ್ಫೀನ್ ಕಣ್ಣು ಕಿರಿದಾಗಿಸಿದಳು. "ಲಿನಸ್‌ದು."

"ನಾಳೆ ಹೊರಡೋನು ಇವತ್ತಿನವರೆಗೂ ಕಟ್ಟೆ ಎಳೆದಿಲ್ಲ. ಹೋಗೋ ಮನಸ್ಸಿರೋನ ಲಕ್ಷಣವಾ ಇದು?"

ಅವಳು ಎದ್ದಳು. ಸ್ವೆಟರ್ ಮೇಲಿನ ಕೇಕಿನ ಪುಡಿ ಕೊಡವಿಕೊಂಡಳು.

ನಾವು ಹಿತ್ತಲಿನ ಕಡೆಯಿಂದ ಇಳಿದಾಗ ಲಿನಸ್ ಎದೆಮಟ್ಟದ ರಬ್ಬರ್ ಉಡುಪು ತೊಟ್ಟು ನೀರಿನಲ್ಲಿ ನಿಂತು, ಕಟ್ಟೆಯ ತುದಿಯ ಭಾಗವನ್ನು ಒಬ್ಬನೇ ಅಲುಗಿಸುತ್ತಿದ್ದ. ಅದು ಇಬ್ಬರ ಕೆಲಸ. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಕೆಸರಿಗೆ ಊರುತ್ತಿತ್ತು. ಅಂಗಳದಲ್ಲಿ ಅವನ ಟ್ರಕ್, ಅದರ ತುಂಬ ಪೆಟ್ಟಿಗೆಗಳು.

"ಓ," ಅಂದ. "ನೀವಾ."

"ಸುಮ್ನೆ ಹಾದುಹೋಗ್ತಾ ಇದ್ವಿ," ಅಂದಳು ಡೆಲ್ಫೀನ್.

"ನಡೆಯೋಕೆ ಒಳ್ಳೇ ದಿನ."

"ಪರವಾಗಿಲ್ಲ. ಗಾಳಿ ಇದೆ."

"ಗಾಳಿ ಇದೆ. ಸಂಜೆಗೆ ನಿಲ್ಲಬಹುದು."

"ನಿಲ್ಲಬಹುದು."

ನಾನು ಹಲ್ಲು ಕಚ್ಚಿಕೊಂಡು ಪೈನ್ ಮರ ನೋಡುತ್ತ ನಿಂತೆ.

"ಕಾಫಿ?" ಅಂದ ಲಿನಸ್.

"ಬೇಡ ಬೇಡ. ನಿನಗೆ ಕೆಲ್ಸ ಇದೆ."

"ಒಲೆ ಮೇಲೆ ಬಿಸಿಯಾಗೇ ಇದೆ."

"ಅಯ್ಯೋ, ಬೇಡ."

ಲಿನಸ್ ತಲೆಯಾಡಿಸಿದ. ಮೂರನೆಯ ಸಲ ಕೇಳಲಿಲ್ಲ. ತಿರುಗಿ ಮತ್ತೆ ಕಟ್ಟೆಗೆ ಕೈ ಹಾಕಿದ. ಅವರಿಬ್ಬರ ತಲೆಗಳನ್ನು ಹಿಡಿದು ಒಂದಕ್ಕೊಂದು ಗುದ್ದಿಸಲು ಹೆಜ್ಜೆ ಮುಂದಿಟ್ಟೆ. ಆದರೆ ಡೆಲ್ಫೀನ್ ಆಗಲೇ ಹುಲ್ಲಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಕಾಲುಚೀಲ ತೆಗೆದು ಶೂಗಳೊಳಗೆ ತುರುಕಿದಳು. ಪ್ಯಾಂಟನ್ನು ಮಂಡಿಯವರೆಗೆ ಮಡಚಿದಳು. ಶೂಗಳನ್ನು ನನ್ನ ಕೈಗೆ ಕೊಟ್ಟು ನೀರಿಗಿಳಿದಳು.

ಅಕ್ಟೋಬರಿನ ಆ ನೀರು ಮೂಳೆಗೆ ಇಳಿಯುತ್ತದೆ. ಮಡಚಿದ ಪ್ಯಾಂಟು ದಾಟಿ ತೊಡೆಗೆ ಬಂತು. ಅವಳು ಕಟ್ಟೆಯ ಕಡೆ ನಡೆಯುತ್ತಲೇ ಹೋದಳು.

"ಡೆಲ್ಫೀನ್, ತಣ್ಣಗಿದೆ."

"ಗೊತ್ತು. ನಿನ್ನ ಕಡೆ ಎತ್ತು."

ನಮ್ಮಲ್ಲಿ ಕೆಲಸಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ಬರಲಾ ಎಂದು ಕೇಳುವುದೂ ಇಲ್ಲ. ಬಂದು ಇನ್ನೊಂದು ತುದಿ ಹಿಡಿಯುತ್ತಾರೆ, ಅಷ್ಟೇ. ಇಬ್ಬರೂ ತುದಿಯ ಭಾಗವನ್ನು ಎತ್ತಿ ದಂಡೆಗೆ ತಂದರು. ಮತ್ತೆ ಇಳಿದರು. ಎರಡನೆಯ ಭಾಗದ ಕೀಲು ಬಿಚ್ಚುವಾಗ, ಅವನ ಮುಖ ನೋಡದೆ ಡೆಲ್ಫೀನ್ ಹೇಳಿದಳು.

"ಆಗಸ್ಟಿಂದ ಕಾಯ್ತಾ ಇದ್ದೆ."

"ಏನಕ್ಕೆ?"

"ಮೂರನೇ ಸಲಕ್ಕೆ."

ಲಿನಸ್‌ನ ಕೈ ಕೀಲಿನ ಮೇಲೇ ನಿಂತಿತು. "ಮೂರನೇ ಸಲ ಕೇಳಿದ್ದು ಆಗಸ್ಟಲ್ಲೇ ಅಲ್ವಾ."

"ಆಗಸ್ಟಿನದು ಎರಡನೇದು. ಮೊದಲ್ನೇದು ಮೀನಿನ ದಿನ."

"ಮೊದಲ್ನೇದು ಹೋದ ನವೆಂಬರ್. ಮೊದಲ ಹಿಮ ಬಿದ್ದ ವಾರ. ಗ್ಯಾರೇಜಲ್ಲಿ ಅರ್ಧ ಜಾಗ ಖಾಲಿ ಮಾಡಿದೀನಿ, ನಿನ್ನ ಕಾರು ತಂದು ನಿಲ್ಲಿಸು ಅಂದಿದ್ದೆ. ನನ್ನ ಕಾರಿಗೆ ಹಿಮ ಅಭ್ಯಾಸ ಆಗಿದೆ, ಬೇಡ ಅಂದೆ ನೀನು."

"ಅದು ಕಾರಿಗೆ ಕೇಳಿದ್ದು ಲಿನಸ್."

"ಸೇಂಟ್ ಒಡಿಲಾದಲ್ಲಿರೋಳ ಕಾರಿಗೆ ಇಲ್ಲಿ ಯಾಕೆ ಜಾಗ ಕೊಡ್ತೀನಿ? ಆ ಜಾಗ ಮಾಡೋಕೆ ನನ್ನ ದೋಣಿ ಹೊರಗೆ ಹಾಕ್ದೆ. ಚಳಿಗಾಲ ಪೂರ್ತಿ ಹೊರಗಿತ್ತು ಅದು. ಬಣ್ಣ ಎದ್ದುಹೋಯ್ತು."

"ಬಣ್ಣದ ಮಾತು ಬಿಡು. ನೀನು ಬಾಯ್ಬಿಟ್ಟು ಹೇಳ್ಬಾರ್ದಿತ್ತಾ?"

"ಗ್ಯಾರೇಜಿನ ಅರ್ಧ ಅಂದ್ಮೇಲೆ ಇನ್ನೇನು ಹೇಳೋದು?"

ಇಬ್ಬರೂ ನೀರಿನಲ್ಲಿ ನಿಂತು, ತೀರ್ಪು ಕೇಳುವವರ ಹಾಗೆ ನನ್ನ ಕಡೆ ತಿರುಗಿದರು. ನನ್ನ ಎರಡು ಕೈಯಲ್ಲೂ ಶೂಗಳಿದ್ದವು. ಗಂಡಸೊಬ್ಬ ಮಿನೆಸೋಟದ ಚಳಿಗಾಲದಲ್ಲಿ ತನ್ನ ದೋಣಿಯನ್ನು ಹಿಮಕ್ಕೆ ದೂಡಿ ಹೆಂಗಸಿನ ಕಾರಿಗೆ ಜಾಗ ಮಾಡುತ್ತಾನೆ. ನನ್ನ ಗಂಡ ಮದುವೆಯಾಗಿ ಹದಿನೈದು ವರ್ಷದವರೆಗೆ ನನಗೆ ಅರ್ಧ ಗ್ಯಾರೇಜು ಕೊಟ್ಟಿರಲಿಲ್ಲ. ನಮ್ಮ ಕಡೆ ಗ್ಯಾರೇಜಿನ ಜಾಗಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

"ಲೆಕ್ಕಕ್ಕೆ ಬರುತ್ತೆ ಕಣೇ ಡೆಲ್ಫೀನ್," ಅಂದೆ. "ಗ್ಯಾರೇಜು ಲೆಕ್ಕಕ್ಕೆ ಬರುತ್ತೆ. ಅವನು ಮೂರು ಸಲ ಕೇಳಿದಾನೆ, ನೀನು ಮೂರು ಸಲ ಬೇಡ ಅಂದಿದೀಯ. ಅವನದು ಮುಗೀತು. ಇನ್ನು ಬಾಯಿ ಬಿಡಬೇಕಾದೋಳು ನೀನು."

ಗಾಳಿ ನೀರನ್ನು ಕೆದಕುತ್ತಿತ್ತು. ಡೆಲ್ಫೀನಳ ಸುರುಳಿ ಕೂದಲು ಯಾವಾಗಲೋ ಬಿಚ್ಚಿಹೋಗಿತ್ತು, ತುಟಿ ನೀಲಿಗಟ್ಟಿತ್ತು. ಒಮ್ಮೆ ದಂಡೆಯ ಕಡೆ ನೋಡಿದಳು. ಬಂದುಬಿಡುತ್ತಾಳೆ, ಶೂ ಕೇಳುತ್ತಾಳೆ ಅಂದುಕೊಂಡೆ.

"ಲಿನಸ್," ಅಂದಳು. "ಆ ಅರ್ಧ ಗ್ಯಾರೇಜು ಇನ್ನೂ ಇದೆಯಾ? ನನ್ನ ಕಾರು ತಂದು ನಿಲ್ಲಿಸ್ತೀನಿ. ನಾನೂ ಬರ್ತೀನಿ."

ಲಿನಸ್‌ನ ಮುಖ ಕಿವಿಯವರೆಗೆ ಕೆಂಪಾಯಿತು. ಬಾಯಿ ತೆರೆದ. "ಅಯ್ಯೋ, ನಿನಗ್ಯಾಕೆ ತೊಂದ—"

"ಲಿನಸ್ ಪ್ಲಾಂಟೆನ್," ಅಂದೆ ನಾನು. ಕೂಗಿದೆ ಅನ್ನಬೇಕು, ಏಕೆಂದರೆ ಜೊಂಡಿನಿಂದ ಬಾತುಗಳೆದ್ದು ಹಾರಿದವು.

ಅವನು ಉಳಿದದ್ದನ್ನು ನುಂಗಿದ. ಸ್ವಲ್ಪ ಹೊತ್ತು ಕೀಲನ್ನೇ ತಿರುಗಿಸುತ್ತಿದ್ದ. ಆಮೇಲೆ, "ಇದೆ," ಅಂದ. "ಈಗ ಅಲ್ಲಿ ಪೆಟ್ಟಿಗೆಗಳಿವೆ."

"ತೆಗಿ ಮತ್ತೆ."

"ತೆಗೀತೀನಿ."

"ಮನೆ ನೋಡೋಕೆ ಬಂದಿದ್ದೋರು?"

"ಸೋಮವಾರ ಹೇಳ್ತೀನಿ ಅಂದಿದ್ರು. ನಾನು ಇವತ್ತೇ ಹೇಳ್ತೀನಿ. ಮಗಳಿಗೂ ಹೇಳ್ತೀನಿ, ಕ್ರಿಸ್ಮಸ್ಸಿಗೆ ಅವಳೇ ಬರ್ಲಿ." ಕಟ್ಟೆಯ ಮೇಲೆ ಕೈಯಿಟ್ಟ. "ಇದನ್ನ ಹಾಗೇ ಬಿಡೋಣ ಬಿಡು. ನಿನಗೆ ಚಳಿ."

"ಬಿಟ್ರೆ ಮುರಿಯುತ್ತೆ. ಬೇಸಿಗೆಗೆ ನಮಗೆ ಬೇಡ್ವಾ? ಎತ್ತು."

ನಮಗೆ ಅಂದಳು. ಲಿನಸ್ ಎತ್ತಿದ. ಕೊನೆಯ ಹಲಗೆ ದಂಡೆಗೆ ಬರುವವರೆಗೂ ಅವಳು ನೀರಿನಿಂದ ಮೇಲೆ ಬರಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ, ಅವನ ದಪ್ಪ ಕಾಲುಚೀಲ ಹಾಕಿಕೊಂಡು, ಯಾರೂ ಹೇಳದೆಯೇ ಕಪಾಟು ತೆರೆದು ಲೋಟ ತೆಗೆದಳು. ಪ್ರಯಾಣಕ್ಕೆಂದು ಒಯ್ದ ನನ್ನ ಸಾಸೇಜನ್ನು ಲಿನಸ್ ಕತ್ತರಿಸಿದ. ದಾರಿಯಲ್ಲಿ ತಿನ್ನುವುದಕ್ಕಿಂತ ಅದು ಅಲ್ಲೇ ಹೆಚ್ಚು ರುಚಿ, ಸಾಸಿವೆಯ ಜೊತೆ.

"ಸೇಂಟ್ ಒಡಿಲಾಗೆ ಬಿಡ್ಲಾ?" ಎಂದು ಲಿನಸ್ ನನ್ನನ್ನು ಕೇಳಿದ.

"ಬಿಡು," ಅಂದೆ.

ಅವನು ಒಂದು ಕ್ಷಣ ತಬ್ಬಿಬ್ಬಾದ. ಇನ್ನೂ ಎರಡು ಸಲ ಕೇಳಲು ಸಮಯವಿದೆ, ಅಷ್ಟರಲ್ಲಿ ಟ್ರಕ್ ಖಾಲಿ ಮಾಡೋಣ ಅಂದುಕೊಂಡಿದ್ದನಂತೆ. ಕೊನೆಗೆ ನಾನು ತೊಡೆಯ ಮೇಲೆ ಅವನ ಅಮ್ಮನ ಕಾಲದ ದೀಪ ಇಟ್ಟುಕೊಂಡು, ಡೆಲ್ಫೀನ್ ನಡುವೆ ಕೂತು, ಮೂವರೂ ಒತ್ತಿಕೊಂಡು ಹೊರಟೆವು.

ನಾವು ಊರು ಮುಟ್ಟುವ ಹೊತ್ತಿಗೆ ಶನಿವಾರ ಸಂಜೆಯ ಪೂಜೆ ಬಿಟ್ಟಿತ್ತು. ಚರ್ಚಿನ ಮೆಟ್ಟಿಲ ತುಂಬ ಜನ, ಯಾರೂ ಇನ್ನೂ ಮೂರನೆಯ ವಿದಾಯ ಹೇಳಿರಲಿಲ್ಲ. ನಾನು ಚರ್ಚಿನ ಹತ್ತಿರ ಇಳಿದುಕೊಂಡೆ. ಡೆಲ್ಫೀನ್ ತನ್ನ ಮನೆಯಿಂದ ಕಂದು ಕಾರು ತೆಗೆದಳು. ಕ್ಯೂನೆಲ್‌ಗೆ ಹೋಗಲು ಹಿಂದಿನ ಬೀದಿಯೂ ಇದೆ. ಅವಳು ಚರ್ಚಿನ ಮುಂದಿನ ಬೀದಿಯಲ್ಲೇ ಬಂದಳು, ದೀಪ ಹಚ್ಚಿಕೊಂಡು, ನಿಧಾನವಾಗಿ. ಹಿಂದೆಯೇ ಲಿನಸ್‌ನ ಟ್ರಕ್. ಮೆಟ್ಟಿಲ ಮೇಲಿನ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಡೆಲ್ಫೀನ್ ಸ್ಟೀರಿಂಗ್ ಮೇಲಿಂದ ಒಂದು ಬೆರಳಲ್ಲ, ಇಡೀ ಕೈ ಎತ್ತಿ ಬೀಸಿದಳು.

ಮನೆಗೆ ಬಂದೆ. ಗಂಡ ಒಲೆಯ ಹತ್ತಿರ ನಿಂತಿದ್ದ.

"ಎಲ್ಲಿಗೆ ಹೋಗಿದ್ದೆ ದಿನಪೂರ್ತಿ?"

"ಹಳಿದಾರೀಲಿ ನಡೆಯೋಕೆ."

"ದೂರಾನಾ?"

"ಪರವಾಗಿಲ್ಲ."

"ಆಲೂಗೆಡ್ಡೆ ಸೂಪಿದೆ. ಸ್ವಲ್ಪ ಹಾಕ್ಲಾ?"

"ಸ್ವಲ್ಪ ಯಾಕೆ," ಅಂದೆ, "ತುಂಬ ಹಾಕು."